ಕೊನೆಯ ಫೈಲು ಬರುವವರೆಗೆ

ದಾವಣಗೆರೆಯ ಒಂದು ಬಸ್ ಕಂಪನಿಯಲ್ಲಿ ಇಂದುಮತಿ ಎಂಬಾಕೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಟಿಕೆಟ್ ಮಾರಾಟವೆಲ್ಲ ಬಸ್ ನಿಲ್ದಾಣದ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಅದು ಕೆಟ್ಟರೆ ಇರಲಿ ಎಂದು ಡಿಪೋದಲ್ಲಿ ಇನ್ನೊಂದನ್ನು ಇಟ್ಟಿದ್ದರು. ಯಾವ ಸೀಟು ಹೋಯಿತು, ಯಾವುದು ರದ್ದಾಯಿತು ಎಂಬುದೆಲ್ಲ ಆಗಾಗ ಒಂದೊಂದು ಫೈಲಾಗಿ ಡಿಪೋಗೆ ಬರುತ್ತಿತ್ತು. ಇಂದುಮತಿ ಅವನ್ನು ಸರದಿ ತಪ್ಪದಂತೆ ಎರಡನೆಯ ಕಂಪ್ಯೂಟರಿಗೆ ಸೇರಿಸುತ್ತಿದ್ದಳು. ಆದರೆ ಟಿಕೆಟ್ ಮಾರಲು ಅದನ್ನು ಒಮ್ಮೆ ತೆರೆದರೆ ಮುಗಿಯಿತು, ಉಳಿದುಹೋದ ಫೈಲನ್ನು ಅದು ಮತ್ತೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ದೀಪಾವಳಿಯ ಹಿಂದಿನ ಸಂಜೆ ನಿಲ್ದಾಣದ ಕಂಪ್ಯೂಟರ್ ಢಮ್ ಎಂದು ಹೊಗೆಯುಗುಳಿ ಸುಮ್ಮನಾಯಿತು. ಊರಿಗೆ ಹೊರಟವರೆಲ್ಲ ಡಿಪೋದ ಕಿಟಕಿಗೆ ಮುಗಿಬಿದ್ದರು. ಇಂದುಮತಿ ನೋಡಿದರೆ ಕೊನೆಯ ಒಂದು ಫೈಲು ಬಂದಿರಲಿಲ್ಲ. ಪುಣ್ಯಕ್ಕೆ, ನಿಲ್ದಾಣದ ಇನ್ನೊಂದು ಡಿಸ್ಕಿನಲ್ಲಿ ಅದರ ಪ್ರತಿ ಉಳಿದಿತ್ತು. ಅಲ್ಲಿದ್ದ ಮೆಕ್ಯಾನಿಕ್ ನಜೀರ್ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೈಕ್ ಹತ್ತಿದ.

ಮಾಲೀಕರಾದ ಗುರುಶಾಂತಪ್ಪ ಓಡಿಬಂದರು. "ಏನಮ್ಮಾ, ಇನ್ನೂ ತೆರೆದಿಲ್ವಾ? ಜನ ಕಿಟಕೀನೇ ಕಿತ್ಕೊಂಡು ಹೋಗ್ತಾರೆ!"

"ಒಂದು ಫೈಲು ದಾರೀಲಿದೆ ಸಾರ್. ನಜೀರಣ್ಣ ತರ್ತಿದಾರೆ."

"ಒಂದು ತಾನೆ? ಬಿಡು ಅತ್ಲಾಗೆ. ಮೊದ್ಲು ತೆರಿ."

ಇಂದುಮತಿಯ ಕೈ ಗುಂಡಿಯತ್ತ ಹೋಯಿತು. ಒಂದು ಗುಂಡಿ ಒತ್ತಿದರೆ ಬೈಗುಳವೂ ನಿಲ್ಲುತ್ತಿತ್ತು, ಗದ್ದಲವೂ ನಿಲ್ಲುತ್ತಿತ್ತು. ಆದರೂ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಆ ಒಂದರಲ್ಲಿ ಯಾರದೋ ಸೀಟು ಇರುತ್ತೆ ಸಾರ್. ಈಗ ತೆರೆದ್ರೆ ಖಾಲಿ ಅಂತ ತೋರ್ಸುತ್ತೆ. ನಾವು ಇನ್ನೊಬ್ರಿಗೆ ಮಾರಿಬಿಡ್ತೀವಿ."

ಗುರುಶಾಂತಪ್ಪ ಗೊಣಗಿದರು, ಗಡಿಯಾರ ನೋಡಿದರು, ಮತ್ತೆ ಗೊಣಗಿದರು. ಕೊನೆಗೆ ಎದುರಿನ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತರಿಸಿ ಸಾಲಿನಲ್ಲಿದ್ದವರಿಗೆಲ್ಲ ಹಂಚಿಸಿದರು. ಬಾಯಿ ತುಂಬಿದ ಮೇಲೆ ಕೂಗಾಟ ತಾನಾಗಿಯೇ ತಗ್ಗಿತು.

ಹಬ್ಬದ ಜನಜಂಗುಳಿಯಲ್ಲಿ ನುಸುಳಿಕೊಂಡು ನಜೀರ್ ಅಂತೂ ಬಂದ. ಇಂದುಮತಿ ಫೈಲು ಸೇರಿಸಿ, ಸರಿಯಾಗಿ ಕೂತಿದೆಯೇ ಎಂದು ನೋಡಿ, ಆಮೇಲೆ ತೆರೆದಳು. ಪರದೆಯ ಮೇಲೆ ಶಿರಸಿ ಬಸ್ಸಿನ ಹಿಂದಿನ ಸೀಟುಗಳೆಲ್ಲ ಭರ್ತಿ ಎಂದು ಮೂಡಿತು. ಸಾಲಿನಲ್ಲಿ ಮೊದಲು ನಿಂತವನು ಕೇಳುತ್ತಿದ್ದದ್ದು ಅವನ್ನೇ! ಅವಳು ಅವನಿಗೆ ಮುಂದಿನ ಬಸ್ಸಿನಲ್ಲಿ ಜಾಗ ಕೊಟ್ಟಳು.

ಅಷ್ಟರಲ್ಲಿ ಸೀಟಿ ಊದುತ್ತ, ಹಾಡುತ್ತ ಖೋಖೋ ತಂಡದ ಹುಡುಗಿಯರು ಒಳಬಂದರು. ಪಂದ್ಯ ಗೆದ್ದು ಶಿರಸಿಗೆ ಹೊರಟಿದ್ದರು. ಅವರ ಟೀಚರ್ ಮಾತ್ರ ಗಾಬರಿಯಾಗಿದ್ದರು. "ಕಂಪ್ಯೂಟರ್ ಸುಟ್ಟುಹೋಯ್ತಂತಲ್ಲ! ಹಿಂದುಗಡೆ ಸೀಟೆಲ್ಲ ನಾವು ಸಂಜೆ ತಾನೆ ಬುಕ್ ಮಾಡಿದ್ವಿ, ಅವು ಇದಾವಾ?"

ಇಂದುಮತಿ ಉತ್ತರಿಸುವ ಮೊದಲೇ ಗುರುಶಾಂತಪ್ಪ ಎದೆಯುಬ್ಬಿಸಿ, "ಎಲ್ಲಾ ಇದೆ, ಬನ್ನಿ ಮೇಡಂ! ನಮ್ಮಲ್ಲಿ ಒಂದು ಸೀಟೂ ತಪ್ಪೋದಿಲ್ಲ" ಎಂದರು.

ನಗು ತಡೆಯಲಾರದೆ ಇಂದುಮತಿ ಪರದೆಯ ಹಿಂದೆ ಮುಖ ಮರೆಸಿಕೊಂಡಳು.

ನೀತಿ: ಸುತ್ತಲಿನವರು ಎಷ್ಟೇ ಅವಸರಪಡಿಸಿದರೂ ಕೆಲಸವನ್ನು ಅರ್ಧಕ್ಕೆ ಬಿಟ್ಟು ‘ಮುಗಿಯಿತು’ ಎನ್ನಬಾರದು. ನಾವು ‘ಒಂದು ತಾನೆ’ ಎಂದು ಬಿಟ್ಟುಬಿಡುವುದನ್ನು ನಂಬಿಕೊಂಡು ಯಾರೋ ಮನೆಯಿಂದ ಹೊರಟಿರುತ್ತಾರೆ.