ಮದುವೆ ದಲ್ಲಾಳಿಯ ಪಥ್ಯ

"ಗುರುಗಳೇ, ನಾಲಿಗೆಗೆ ಹಿತವಾದುದನ್ನೆಲ್ಲ ಬಿಟ್ಟ ಮೇಲೆ ಊಟದಲ್ಲಿ ಉಳಿಯುವುದಾದರೂ ಏನು?" ಎಂದು ಶಿಷ್ಯ ಕೇಳಿದ.

ಕೆಲವು ಕಾಲದಿಂದ ಅವನ ಹೊಟ್ಟೆ ಸರಿಯಿರಲಿಲ್ಲ. ತುಪ್ಪ, ಬೆಣ್ಣೆ, ಕರಿದ ತಿಂಡಿ ಎಲ್ಲವನ್ನೂ ವೈದ್ಯರು ನಿಲ್ಲಿಸಿದ್ದರು. ಮೈಭಾರ ಇಳಿಸಬೇಕೆಂದೂ ಹೇಳಿದ್ದರು. ಅವನ ಮುಖ ಬಾಡಿತ್ತು.

ಗುರುಗಳು ನಕ್ಕು, "ಕುಳಿತುಕೋ, ಒಬ್ಬ ದಲ್ಲಾಳಿಯ ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಮದುವೆ ದಲ್ಲಾಳಿಯಿದ್ದ. ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕಿ ಸಂಬಂಧ ಕೂಡಿಸುವುದು ಅವನ ಕೆಲಸ. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಗಂಟು ಹಾಕಿದವನಲ್ಲ. ಆದರೆ ಆ ಕೆಲಸದಲ್ಲಿ ಕಾಲಿಗಿಂತ ಹೊಟ್ಟೆಗೇ ದುಡಿಮೆ ಹೆಚ್ಚು. ಹೆಣ್ಣಿನ ಮನೆಗೆ ಹೋದರೆ ಹೋಳಿಗೆ, ಗಂಡಿನ ಮನೆಗೆ ಹೋದರೆ ಕರಿಗಡುಬು, ಮಾತು ಕುದುರಿದರೆ ಮತ್ತೊಂದು ಊಟ. ತುಪ್ಪದ ಗಿಂಡಿ ಬಗ್ಗಿಸಿದವರಿಗೆ ಸಾಕು ಎನ್ನಬಾರದು. ಸಾಕು ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಮುಖ ಸಣ್ಣದಾದರೆ ಸಂಬಂಧ ಮುರಿಯುತ್ತದೆ. ಹಾಗೆಂದು ಅವನು ನಂಬಿದ್ದ.

ಹೆಂಡತಿ ನೀಲವ್ವ ಊರವರಿಗೆ ಸೋಲುವವಳಲ್ಲ. ಕಂಡವರೇ ಅಷ್ಟು ಬಡಿಸುವಾಗ ಕಟ್ಟಿಕೊಂಡವಳು ಕಡಿಮೆ ಬಡಿಸುವುದುಂಟೇ? ರೊಟ್ಟಿಯ ಮೇಲೆ ಬೆಣ್ಣೆ ಇಡುವಳು; ಅದು ಕರಗುವ ಮೊದಲೇ ಇನ್ನೊಂದು ಉಂಡೆ ಇಡುವಳು.

ಅವನ ಮೈ ಬೆಳೆಯಿತು. ಜನ "ಅನುಕೂಲಸ್ಥ" ಎಂದರು, ಅವನಿಗೂ ಹಿತವಾಯಿತು. ಆಮೇಲೆ ಹುಳಿತೇಗು ಬಂತು. ಉಂಡದ್ದು ಎದೆಯಲ್ಲೇ ನಿಲ್ಲತೊಡಗಿತು. ಜಿಡ್ಡಿನ ಊಟವಾದಾಗಲೆಲ್ಲ ಬಲಪಕ್ಕೆಯ ಕೆಳಗೆ ನೋವು. ಅವನು ಓಮದ ನೀರು ಕುಡಿದು ಮುಂದಿನ ಮನೆಯ ಎಲೆಗೆ ಕೂಡುತ್ತಿದ್ದ.

ಒಮ್ಮೆ ನಿಶ್ಚಿತಾರ್ಥದ ಪಂಕ್ತಿಯಲ್ಲೇ ಆ ನೋವು ಕತ್ತಿಯಂತೆ ಇರಿಯಿತು. ಎಲೆಯ ಮುಂದಿನಿಂದ ಅವನನ್ನು ಎತ್ತಿ ಗಾಡಿಯಲ್ಲಿ ಮಲಗಿಸಿದರು. ಏರು ದಾರಿಯಲ್ಲಿ ಅವನ ಭಾರಕ್ಕೆ ಎತ್ತುಗಳು ನಿಂತುಬಿಟ್ಟವು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಹೆಗಲಿಗೆ ಹೆಗಲು ಕೊಟ್ಟು ಗಾಡಿ ತಳ್ಳಿದರು. ಆ ಸಂಬಂಧವೇನೋ ಅಲ್ಲೇ ಗಟ್ಟಿಯಾಯಿತು.

ಪಕ್ಕದ ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ವಯಸ್ಸಾದವಳು. ಅವಳು ಅವನ ಹೊಟ್ಟೆ ಒತ್ತಿ ನೋಡಿ ಹೇಳಿದಳು: "ಜಿಡ್ಡು ಅರಗಿಸಿ ಅರಗಿಸಿ ಇದು ದಣಿದಿದೆಯಪ್ಪ. ತುಪ್ಪ, ಬೆಣ್ಣೆ, ಕರಿದದ್ದು ಬಿಡು. ಒಗ್ಗರಣೆಗೆ ಹನಿ ಎಣ್ಣೆ ಸಾಕು. ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಉಣ್ಣು, ಅಗಿದು ಉಣ್ಣು. ಮೈ ಇಳಿಯಬೇಕು. ಆದರೆ ಮೆಲ್ಲಗೆ ಇಳಿಯಬೇಕು."

ದಲ್ಲಾಳಿ ಮೊದಲ ಮಾತುಗಳನ್ನು ಕೇಳಿದ, ಕೊನೆಯ ಮಾತನ್ನು ಕೇಳಲಿಲ್ಲ. ಬೇಗ ಗುಣವಾಗಿ ಪಂಕ್ತಿಗೆ ಮರಳಬೇಕೆಂಬ ಆತುರದಲ್ಲಿ ಊಟವನ್ನೇ ಬಿಟ್ಟ. ನೀರು ಕುಡಿದು ಮಲಗಿದ. ಮೈ ಸರಸರನೆ ಇಳಿಯಿತು. ಅದರ ಬೆನ್ನಿಗೇ ನೋವು ಮೊದಲಿಗಿಂತ ಜೋರಾಗಿ ಬಂತು. ನೀಲವ್ವ ಓಡಿಹೋಗಿ ವೈದ್ಯೆಯನ್ನು ಕರೆತಂದಳು.

"ಏನಪ್ಪಾ, ಹೆಣ್ಣು ನೋಡಿದ ದಿನವೇ ತಾಳಿ ಕಟ್ಟಿಸುತ್ತೀಯಾ ನೀನು?" ಎಂದು ವೈದ್ಯೆ ಕೇಳಿದಳು.

"ಇಲ್ಲಮ್ಮ. ಎರಡು ಮನೆಯೂ ಒಂದಕ್ಕೊಂದು ಒಗ್ಗಬೇಕಲ್ಲ."

"ಮೈಗೂ ಅಷ್ಟೇ. ಒಗ್ಗಲು ಬಿಡು."

ಅಂದಿನಿಂದ ಪಥ್ಯ ಸರಿಯಾಗಿ ನಡೆಯಿತು. ನೀಲವ್ವ ತುಪ್ಪದ ಭರಣಿಯನ್ನು ಅಟ್ಟಕ್ಕೆ ಏರಿಸಿದಳು. ಅನ್ನ, ತಿಳಿಸಾರು, ನೀರಿನಲ್ಲೇ ಬೇಯಿಸಿದ ಸೊಪ್ಪು ಬಡಿಸಿ ಗೋಡೆಗೆ ಒರಗಿ ನಿಂತಳು. ಅವಳ ಕಣ್ಣು ತುಂಬಿತ್ತು.

"ಹೀಗೆ ಜಿಡ್ಡಿಲ್ಲದೆ ಬಡಿಸಿದರೆ ಹಗೆಯವನಿಗೆ ಬಡಿಸಿದ ಹಾಗಾಗುತ್ತದೆ ನನಗೆ. ನನ್ನ ಕೈಗೆ ಇನ್ನೇನು ಕೆಲಸ ಉಳಿಯಿತು?" ಎಂದಳು.

ಅವನು ವೈದ್ಯೆ ಹೇಳಿದಂತೆ ತುತ್ತು ಅಗಿಯುತ್ತ ಕುಳಿತ. ಇನ್ನಷ್ಟು ಅನ್ನ ತಾ ಎನ್ನಲಿಲ್ಲ, ತುಪ್ಪ ತಾ ಎನ್ನಲಿಲ್ಲ. ಒಲೆಗೂ ಎಲೆಗೂ ನಡುವೆ ಓಡಾಡಲು ಅವಳಿಗೆ ಕಾರಣವೇ ಇರಲಿಲ್ಲ. ಅವಳು ನಿಂತೇ ಇದ್ದಳು. ಅವನು ತಲೆಯೆತ್ತಿ ನೋಡಿದ.

"ನಿನ್ನ ಊಟವಾಯಿತೇ?"

"ನೀವು ಏಳಿರಿ, ಆಮೇಲೆ ನಾನು."

"ನನ್ನದು ಈಗ ಆಮೆಯ ಊಟ. ನಾನು ಏಳುವುದನ್ನು ಕಾದರೆ ನೀನು ಉಪವಾಸ. ಬಾ, ಕುಳಿತುಕೋ."

ಅವಳಿಗೆ ನಗು ಬಂತು. ಒಂದು ತಟ್ಟೆ ತಂದು, ಎದುರಿಗೆ ಕೂರಲು ನಾಚಿ, ಒಂದು ಬದಿಗೆ ಕುಳಿತಳು.

ಅವಳು ಉಣ್ಣುವುದನ್ನು ದಲ್ಲಾಳಿ ಅದೇ ಮೊದಲ ಸಲ ನೋಡಿದ್ದು. ಅವಳು ಮೊದಲು ಉಪ್ಪಿನಕಾಯಿ ನೆಕ್ಕಿ, ಒಂದು ಕಣ್ಣು ಮುಚ್ಚಿ, ಆಮೇಲೆ ಅನ್ನಕ್ಕೆ ಕೈಹಾಕಿದಳು. ಉಣ್ಣುತ್ತಾ ಅವಳಿಗೆ ತನ್ನ ಸೋದರಮಾವನ ನೆನಪಾಯಿತು. ಆ ಮಾವ ಬಾಯಲ್ಲಿ "ಬೇಡ ತಾಯಿ, ಬೇಡ" ಎನ್ನುತ್ತ ಎಲೆಯನ್ನು ಮಾತ್ರ ಗಿಂಡಿಯ ಕಡೆಗೆ ಸರಿಸುತ್ತಿದ್ದನಂತೆ. ಅವಳು ಅದನ್ನು ಮಾಡಿಯೇ ತೋರಿಸಿದಳು. ಅದೇ ದನಿ, ಅದೇ ಕುತ್ತಿಗೆ. ದಲ್ಲಾಳಿ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ. ಅವಳು ಅವನ ತಲೆ ತಟ್ಟಿದಳು. ಇಂಥವಳೊಬ್ಬಳು ತನ್ನ ಮನೆಯಲ್ಲಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಅವನು ಹೊತ್ತಿಗೆ ಮೊದಲೇ ಬಂದು ತಾನೇ ಎರಡು ತಟ್ಟೆ ಇಟ್ಟ.

ನೀಲವ್ವನ ಕೈಗೂ ಹೊಸ ಕೆಲಸ ಸಿಕ್ಕಿತು. ಕೆಂಡದಲ್ಲಿ ಬದನೆಕಾಯಿ ಸುಟ್ಟು ಹುಣಸೆರಸದಲ್ಲಿ ಕಿವುಚಿದಳು. ಹುರುಳಿಕಟ್ಟಿನ ಸಾರಿಗೆ ಕೊತ್ತಂಬರಿ ಹುರಿದು ಹಾಕಿದಳು. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿದಳು. ಯಾವುದು ಹೊಟ್ಟೆಗೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂದು ಇಬ್ಬರೂ ಕೂಡಿ ಕಂಡುಕೊಂಡರು. ದಲ್ಲಾಳಿ ಹತ್ತಿರದ ಊರುಗಳಿಗೆ ಗಾಡಿ ಬಿಟ್ಟು ನಡೆದೇ ಹೋದ. ಮಳೆಗಾಲ ಕಳೆದು ಚಳಿ ಬರುವಷ್ಟರಲ್ಲಿ ಅವನ ಪಂಚೆ ಸೊಂಟಕ್ಕೆ ಇನ್ನೊಂದು ಸುತ್ತು ಬಂತು. ನೋವು ಅಪರೂಪವಾಗಿ, ಆಮೇಲೆ ನಿಂತೇಹೋಯಿತು.

ಆಗ ಒಂದು ದೊಡ್ಡ ಮನೆಯ ಸಂಬಂಧ ಬಂತು. ಮಾತಿನ ದಿನ ಎರಡು ಕಡೆಯವರೂ ಪಂಕ್ತಿಗೆ ಕುಳಿತರು. ಹೆಣ್ಣಿನ ಮನೆಯ ಹಿರಿಯಜ್ಜಿ ತಾನೇ ತುಪ್ಪದ ಗಿಂಡಿ ಹಿಡಿದು ಬಂದಳು. ದಲ್ಲಾಳಿ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದ.

"ತಪ್ಪು ತಿಳಿಯಬೇಡಿರಮ್ಮ. ನನ್ನ ಹೊಟ್ಟೆಗೆ ತುಪ್ಪ ಆಗದು. ಹಿಡಿ ಅನ್ನ, ತಿಳಿಮಜ್ಜಿಗೆ ಕೊಟ್ಟರೆ ಅದೇ ನನಗೆ ಹೋಳಿಗೆ."

ಗಂಡಿನ ತಂದೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಂಬಂಧ ಮುರಿಯಿತೆಂದೇ ದಲ್ಲಾಳಿ ತಿಳಿದ.

ಅಜ್ಜಿ ಗಿಂಡಿಯನ್ನು ನೆಲಕ್ಕಿಟ್ಟು ಬಗ್ಗಿ ಕೇಳಿದಳು: "ನಿನಗೂನಾ? ನನಗೂ ಆಗದಪ್ಪ! ಬಂದವರೆದುರು ಮರ್ಯಾದೆಗೆಂದು ತಿನ್ನುತ್ತೇನೆ, ಆಮೇಲೆ ದಿನವೆಲ್ಲ ಹೊರಳಾಡುತ್ತೇನೆ."

ಗಂಡಿನ ತಂದೆ ತುತ್ತನ್ನು ಎಲೆಯಲ್ಲಿಟ್ಟು ಮೆಲ್ಲಗೆ ಉಡಿದಾರ ಸಡಿಲಿಸಿದ. "ನನಗೂ ಒಂದಿಷ್ಟು ಮಜ್ಜಿಗೆ ಸಿಕ್ಕೀತೇ?" ಎಂದ.

ಇಡೀ ಪಂಕ್ತಿ ನಕ್ಕಿತು. ಒಳಗಿನಿಂದ ಮಜ್ಜಿಗೆಯ ಕೊಡವೇ ಬಂತು. ಊಟ ಮುಗಿಯುವ ಮೊದಲೇ ಮದುವೆ ಗೊತ್ತಾಯಿತು. ಸಂಜೆಯ ಫಲಾಹಾರಕ್ಕೆ ಇರಬೇಕೆಂದು ಎರಡು ಕಡೆಯವರೂ ಎಳೆದರು.

"ಆಗದು. ಮನೆಯಲ್ಲಿ ನನ್ನ ಜೊತೆ ಉಣ್ಣುವವರಿದ್ದಾರೆ" ಎಂದು ದಲ್ಲಾಳಿ ಹೊರಟ. ಬಿಸಿಲು ಇಳಿಯುವ ಮೊದಲೇ ಊರು ಸೇರಿದ. ತಟ್ಟೆಯ ಮುಂದೆ ಕುಳಿತು ಅಜ್ಜಿಯ ಕತೆ ಹೇಳಿದ. ನೀಲವ್ವ ಕೂಡಲೇ ಆ ಅಜ್ಜಿಯಾದಳು, ಗಂಡಿನ ತಂದೆಯೂ ಆದಳು. ಅವರ ನಗು ಬೀದಿಗೆ ಕೇಳಿಸುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಅವನು ಮತ್ತೆ ತುಪ್ಪವನ್ನು ಮುಟ್ಟಲೇ ಇಲ್ಲವೇ?" ಎಂದು ಕೇಳಿದ.

"ಹಬ್ಬಕ್ಕೊಂದು ಹನಿ ಆಗಬಹುದೆಂದು ವೈದ್ಯೆ ಹೇಳಿದ್ದಳಂತೆ. ಹಾಕಿಸಿಕೊಂಡನೋ, ಮಾತಿನಲ್ಲಿ ಮರೆತನೋ, ತಿಳಿಯದು."

"ಹಾಗಾದರೆ ಬಿಟ್ಟದ್ದರಿಂದ ಅವನು ಕಳೆದುಕೊಂಡದ್ದು ಏನೂ ಇಲ್ಲ" ಎಂದು ಶಿಷ್ಯ ಸಮಾಧಾನದಿಂದ ಎದ್ದ.

ಗುರುಗಳು ಕೇಳಿದರು: "ಅವನದಿರಲಿ ಮಗು, ಈ ಹೊತ್ತು ನಿನಗೆ ಬಡಿಸಿದವರ ಊಟವಾಯಿತೇ?"