ಒಂಟಿ ಕೊಂಬೆಯ ಗೀಜಗ

ಆರಿದ್ರಾ ಮಳೆಯ ಎರಡನೆಯ ದಿನ. ಕಾಡಿನ ಮುಖ್ಯಸ್ಥೆ ಆನೆ ಭದ್ರಜ್ಜಿಯ ಹಳೆಯ ದಿನಚರಿಯಲ್ಲಿ ಅಂದು ಹೀಗಿದೆ: "ಗೀಜಗಗಳನ್ನು ಯಾರೂ ಹೀಯಾಳಿಸುವಂತಿಲ್ಲ ಎಂದು ಕಾನೂನು ಮಾಡಿದೆವು. ಇಂಥ ಕಾನೂನು ಸುತ್ತಲ ಯಾವ ಕಾಡಿನಲ್ಲೂ ಇಲ್ಲ."

ಹೆಮ್ಮೆಪಡುವ ಕೆಲಸವೇ, ಮಕ್ಕಳೇ. ಆ ಕಾಡಿನ ಕೆರೆಯ ನೀರು ಕೆಟ್ಟಿತ್ತು. ದಡದ ಜಾಲಿ ಮರದಲ್ಲಿ ತಲೆಮಾರುಗಳಿಂದ ಗೂಡು ನೇಯ್ದುಕೊಂಡಿದ್ದ ಗೀಜಗಗಳ ಮೇಲೆ ಗುಲ್ಲೆದ್ದಿತ್ತು: "ಮುಚ್ಚಿದ ಗೂಡಿನೊಳಗೆ ಅದೇನು ಅರೆಯುತ್ತಾರೋ. ನೀರಿಗೆ ವಿಷ ಬಿಡುವವರು ಅವರೇ."

ಕೆಲವು ದಿನ ಕಳೆದ ಮೇಲೆ, ಕಾನೂನು ಹೇಗೆ ನಡೆದಿದೆಯೆಂದು ನೋಡಲು ಭದ್ರಜ್ಜಿ ಶಾಲೆಗೆ ಬಂದಳು. ಕೋತಿ ಮೇಷ್ಟ್ರು ಸನ್ನೆ ಮಾಡಿದ್ದೇ ತಡ, ಮರಿಗಳೆಲ್ಲ "ಗೀಜಗರು ನಮ್ಮವರು" ಎಂದು ಒಕ್ಕೊರಲಿನಿಂದ ಹೇಳಿದವು. ಅಜ್ಜಿಯ ಕಿವಿಗಳು ಮೊರದಂತೆ ಅರಳಿದವು.

"ಗೀಜಗರ ಮಗು ನೂಲಿ ಎಲ್ಲಿ?"

"ಆಚೆ ಒಂಟಿ ಕೊಂಬೆಯಲ್ಲಿ, ಅಜ್ಜಿ," ಎಂದರು ಮೇಷ್ಟ್ರು. "ಅವಳ ರಕ್ಷಣೆಗೇ ಬೇರೆ ಕೂರಿಸಿದ್ದೇವೆ. ಬೈದರೂ ಕೇಳಿಸುವುದಿಲ್ಲ."

"ಈಗಲೂ ಬೈಯುವವರು ಯಾರು?"

"ಎಲ್ಲರೂ," ಎಂದ ಕೋಣ ಗುಡ್ಡಣ್ಣನ ಮಗ. "ಪಾಠ ಮುಗಿದ ಮೇಲೆ ಬೈತೀವಿ. ನಮ್ಮಪ್ಪನೇ ಹೇಳಿಕೊಟ್ಟಿದ್ದು."

ನೂಲಿ ಕೊಂಬೆಯಿಂದಲೇ ಹೇಳಿದಳು, "ಇರಲಿ ಬಿಡಿ ಅಜ್ಜಿ. ನಮ್ಮಲ್ಲಿ ಮೂರು ಮನೆಯವರು ಆಗಲೇ ಹೋದರು. ನಾಳೆ ನಾವೂ ಕಾಡು ಬಿಡುತ್ತೇವೆ."

ಅರಳಿದ್ದ ಕಿವಿಗಳು ಜೋತುಬಿದ್ದವು. ಮೇಷ್ಟ್ರು ತಲೆ ಕೆರೆದುಕೊಂಡರು. "ಅವರು ಒಂದು ಸಲ ಗೂಡು ಬಿಚ್ಚಿ ತೋರಿಸಿದ್ದರೆ ಸಂಶಯ ಹೋಗುತ್ತಿತ್ತು."

"ನಿಮ್ಮ ಕೆನ್ನೆಯ ಚೀಲದಲ್ಲಿ ಏನಿದೆಯೆಂದು ನಾನು ಕೇಳಿದೆನೇ, ಮೇಷ್ಟ್ರೇ?"

ಮೇಷ್ಟ್ರು ಬಾಯಲ್ಲಿದ್ದುದನ್ನು ಗುಳುಂ ಮಾಡಿದರು.

ಭದ್ರಜ್ಜಿ ನೂಲಿಯನ್ನು ತಲೆಯ ಮೇಲೆ ಕೂರಿಸಿಕೊಂಡು, ಶಾಲೆಯನ್ನೆಲ್ಲ ಕರೆದುಕೊಂಡು ಕೆರೆಯ ಕಾಲುವೆಗೆ ನಡೆದಳು. ಅಲ್ಲಿ ಗುಡ್ಡಣ್ಣನ ಹಿಂಡು ಕೆಸರು, ಸಗಣಿಗಳಲ್ಲಿ ಹೊರಳುತ್ತಿತ್ತು. ಅದೇ ನೀರು ಕೆರೆಗೆ ಹರಿಯುತ್ತಿತ್ತು.

"ಗುಡ್ಡಣ್ಣ, ನೀರು ಕೆಡಿಸಿದವರು ಯಾರು? ಮಕ್ಕಳ ಮುಂದೆ ಹೇಳು."

"ಅಕ್ಕಾ, ನಮ್ಮ ಹಿಂಡು ಕೈಬಿಟ್ಟರೆ ನಿನ್ನ ಗದ್ದುಗೆ ಉಳಿದೀತೆ?"

"ಗದ್ದುಗೆ ಹೋಗಲಿ. ನಿಜ ಹೇಳುವ ತನಕ ನಾನು ಇಲ್ಲಿಂದ ಕದಲುವುದಿಲ್ಲ."

ಗುಡ್ಡಣ್ಣ ಸುತ್ತ ನೋಡಿದ. ಅವನ ಮಗ ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತಿದ್ದ.

"ನಾವೇ," ಎಂದು ಗೊಣಗಿ ಗುಡ್ಡಣ್ಣ ಮೇಲೆದ್ದ.

ಮರುದಿನ ನೂಲಿಯ ಮನೆಯವರು ಹೊರಡಲಿಲ್ಲ. ನೂಲಿ ತರಗತಿಯ ನಡುವೆ, ಕೋಣನ ಮಗನ ಪಕ್ಕದಲ್ಲಿ ಕೂತಳು.

ಕೋಣಗಳು ಭದ್ರಜ್ಜಿಯ ಕೈಬಿಟ್ಟವು. ಅವಳು ಎತ್ತಿದ ತಲೆ ತಗ್ಗಿಸದೆ ಗದ್ದುಗೆ ಇಳಿದಳು. ಮೊದಲೇ ಹೋಗಿದ್ದ ಮೂರು ಮನೆಯವರು ಮಾತ್ರ ಮರಳಿ ಬರಲಿಲ್ಲ.

ನೀತಿ: ನೊಂದವರನ್ನು ದೂರ ಕೂರಿಸುವುದು ರಕ್ಷಣೆಯಲ್ಲ, ಸುಳ್ಳನ್ನು ಅದು ಹುಟ್ಟಿದ ಜಾಗಕ್ಕೇ ಹೋಗಿ ತಡೆಯಬೇಕು.