ಆಷಾಢದ ಜೇನು

ವರದಾ ಹೊಳೆಯ ದಂಡೆಯ ಆಶ್ರಮಕ್ಕೆ ಬರುವ ಮುಂಚೆ ಫಕೀರಪ್ಪ ನೂಲಿನ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದ. ಕೈಕಟ್ಟಿ ಕೂತವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗುರು ಕರಿಬಸಯ್ಯನವರು ಅವನಿಗೆ ಜೇನುಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

ಹೊಂಗೆ ಹೂ ಬಿಟ್ಟ ಕಾಲ ಅದು. ಬೆಳಕು ಹರಿಯುವ ಹೊತ್ತಿಗೇ ಜೇನುನೊಣಗಳು ಹೊರಬೀಳುತ್ತಿದ್ದವು. ಸಂಜೆಯವರೆಗೆ ಪುರುಸೊತ್ತಿಲ್ಲ. ಫಕೀರಪ್ಪನಿಗೆ ಅವು ಬಹಳ ಹಿಡಿಸಿದವು.

ಆಷಾಢ ಬಂತು. ಗಾಳಿ, ಬಿಡದ ಜಡಿಮಳೆ. ನೊಣಗಳು ಹೊರಗೆ ಬರುವುದನ್ನೇ ಬಿಟ್ಟವು.

ಫಕೀರಪ್ಪ ಆರು ದಿನ ಕಾದ. ಏಳನೆಯ ದಿನ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ಕುಲುಕಿದ. ಗಾಬರಿಯಾಗಿ ಎದ್ದ ನೊಣಗಳು ನಾಲ್ಕು ಮಾರು ಹಾರಿ, ರೆಕ್ಕೆ ತೊಯ್ದು, ಕೆಸರಿಗೆ ಬಿದ್ದವು.

ಗುರುಗಳು ಬಂದರು. ಮುಚ್ಚಳ ಮುಚ್ಚಿದರು. ಮಂಡಿಯೂರಿ ಕೂತು, ಬಿದ್ದ ನೊಣಗಳನ್ನು ಒಂದೊಂದಾಗಿ ಎತ್ತಿ, ಬೊಗಸೆಯಲ್ಲಿಟ್ಟುಕೊಂಡು ಬಿಸಿಯುಸಿರು ಊದಿದರು.

ಫಕೀರಪ್ಪನೂ ಪಕ್ಕದಲ್ಲಿ ಕೂತು ಹಾಗೇ ಮಾಡಿದ.

ಕೆಲವು ಮಿಸುಕಿದವು. ಬಹಳಷ್ಟು ಮಿಸುಕಲಿಲ್ಲ.

"ಸುಮ್ಮನ ಕುಂತು ತಿನ್ನಾಕತ್ತಿದ್ವು, ಅಪ್ಪಾರ. ಕೆಲಸಕ್ಕ ಹಚ್ಚೋಣು ಅಂದ್ಕೊಂಡೆ," ಎಂದ.

"ಪೆಟ್ಟಿಗಿಗೆ ಕಿವಿ ಹಚ್ಚು."

ಹಚ್ಚಿದ.

"ಏನು ಕೇಳಸ್ತದ?"

"ಗುಂಯ್ ಅನ್ನಾಕತ್ತಾವ. ಒಂದೇ ಸಮನ."

"ಒಳಗ ಮರಿ ಅದಾವ. ಥಂಡಿ ಹತ್ತಿದರ ಸಾಯ್ತಾವ. ತಮ್ಮ ಮೈ ನಡುಗಿಸಿ ನಡುಗಿಸಿ ಕಾವು ಕೊಡಾಕತ್ತಾವ."

ಫಕೀರಪ್ಪ ಕಿವಿ ತೆಗೆಯಲಿಲ್ಲ. ಮಳೆ ಅವನ ಬೆನ್ನ ಮೇಲೆ ಸುರಿಯುತ್ತಿತ್ತು.

"ಅಪ್ಪಾರ, ಇವತ್ತು ಮುಂಜಾನೆ ನೀಲವ್ವಗ ಗಂಟು ಕಟ್ಟು ಅಂದುಬಿಟ್ಟೆ."

ನೀಲವ್ವ ಮಗಳನ್ನು ಮಣ್ಣು ಮಾಡಿ ಆಶ್ರಮಕ್ಕೆ ಬಂದು ತಿಂಗಳಾಗಿತ್ತು. ಭಜನೆಗೆ ಬರಲಿಲ್ಲ, ಅಡುಗೆಮನೆಗೂ ಬರಲಿಲ್ಲ. ಕೋಣೆಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ.

"ಏನಂದಳು?" ಗುರುಗಳು ಕೇಳಿದರು.

"ಏನೂ ಅನ್ನಲಿಲ್ಲ. ಎದ್ದು ಹೋದಳು. ಛತ್ರಿ ಸೈತ ಕೇಳಲಿಲ್ಲ."

ಗುರುಗಳು ಅಂಗೈಯಲ್ಲಿ ಮಿಸುಕುತ್ತಿದ್ದ ನೊಣವನ್ನು ಪೆಟ್ಟಿಗೆಯ ಬಾಯಿಗೆ ಬಿಟ್ಟರು. ಅದು ತೆವಳಿಕೊಂಡು ಒಳಗೆ ಹೋಯಿತು.

"ಓಡು, ಫಕೀರಪ್ಪ. ಹೊಳಿ ತುಂಬೇದ, ದೋಣಿ ಇನ್ನೂ ಆಚಿ ದಂಡಿಗೇ ಇರಬೇಕು. ಆಕಿ ದಾಟಿರಲಿಕ್ಕಿಲ್ಲ."